ಕಟ್ಟಡವಿಲ್ಲದ ಕಾಲೇಜು: ಅಮೆರಿಕದ ಅಧ್ಯಕ್ಷರ ಆಯ್ಕೆಯ ಚರಿತ್ರೆ

ನಾಲ್ಕು ವರುಷಕ್ಕೊಮ್ಮೆ ನವೆಂಬರ್ ತಿಂಗಳು ಬಂದಾಗ ನಮ್ಮ ಸಮಾಜವಿಜ್ಞಾನದ ಅಧ್ಯಾಪಕರು ಮಕ್ಕಳ ಒಂದು ಪ್ರಶ್ನೆಗೆ ಸಿದ್ಧರಾಗಿಯೇ ತರಗತಿಗೆ ಹೋಗಬೇಕಾಗುತ್ತದೆ. ಹೆಚ್ಚು ಮತ ಪಡೆದವರು ಗೆಲ್ಲುತ್ತಾರೆ ಎಂಬುದು ಪ್ರಜಾಪ್ರಭುತ್ವದ ಮೊದಲ ಪಾಠ. ಹಾಗಿರುವಾಗ ೨೦೧೬ರಲ್ಲಿ ಹಿಲರಿ ಕ್ಲಿಂಟನ್ ಅವರು ಡೊನಾಲ್ಡ್ ಟ್ರಂಪ್ ಅವರಿಗಿಂತ ೨೮ ಲಕ್ಷಕ್ಕೂ ಮಿಕ್ಕಿದ ಮತಗಳಿಂದ ಮುಂದಿದ್ದೂ ಸೋತುದು ಹೇಗೆ? ೨೦೦೦ದಲ್ಲಿ ಆಲ್ ಗೋರ್ ಅವರು ಐದು ಲಕ್ಷಕ್ಕೂ ಹೆಚ್ಚು ಮತಗಳ ಮುನ್ನಡೆ ಪಡೆದೂ ಅಧ್ಯಕ್ಷರಾಗದೆ ಉಳಿದುದು ಹೇಗೆ? ಎಲೆಕ್ಟೋರಲ್ ಕಾಲೇಜ್ ಎಂಬ ಎರಡು ಪದಗಳ ಉತ್ತರ ಎಲ್ಲರಿಗೂ ಗೊತ್ತಿದೆ. ಆ ಉತ್ತರದ ಹಿಂದಿನ ಕತೆ ಅಷ್ಟಾಗಿ ಗೊತ್ತಿಲ್ಲ. ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಆ ದೇಶದಲ್ಲಿ ನೆಲೆನಿಂತು ಅಲ್ಲಿಯ ಮತದಾರರೇ ಆದವರಿದ್ದಾರೆ. ಅವರ ಹೆತ್ತವರು ಇಲ್ಲಿ ಟಿ.ವಿ.ಯ ಮುಂದೆ ಕುಳಿತು ಕೆಂಪು ನೀಲಿ ಬಣ್ಣದ ಆ ಭೂಪಟವನ್ನು ನೋಡುತ್ತಾರೆ. ಶತಮಾನೋತ್ಸವದ ಈ ಸಂಪುಟದಲ್ಲಿ ದೂರದ ದೇಶವೊಂದರ ಚರಿತ್ರೆಗೆ ಕೆಲವು ಪುಟಗಳನ್ನು ಮೀಸಲಿಟ್ಟುದು ಅದಕ್ಕಾಗಿ.

ಮೊದಲು ಹೆಸರಿನ ವಿಚಾರ. ಕಾಲೇಜು ಎಂಬ ಮಾತು ಕೇಳಿ ಅದು ಯಾವ ಊರಿನಲ್ಲಿದೆ ಎಂದು ಮಗುವೊಂದು ಕೇಳಿದರೆ ನಾವು ನಗುವಂತಿಲ್ಲ. ಒಂದು ಕೆಲಸಕ್ಕೆಂದು ನೇಮಕವಾದವರ ಕೂಟ ಎಂಬುದು ಆ ಪದದ ಹಳೆಯ ಅರ್ಥ. ಈ ಕಾಲೇಜಿಗೆ ಕಟ್ಟಡವಿಲ್ಲ, ಪ್ರಾಂಶುಪಾಲರಿಲ್ಲ, ಗಂಟೆ ಬಾರಿಸುವವರೂ ಇಲ್ಲ. ಇದರ ೫೩೮ ಮಂದಿ ಸದಸ್ಯರು ಒಂದೇ ಕಡೆ ಸೇರುವ ಪದ್ಧತಿಯೇ ಇಲ್ಲ. ಅಮೆರಿಕದ ಸಂವಿಧಾನದಲ್ಲಿ ಈ ಹೆಸರೂ ಇಲ್ಲ. ಅಲ್ಲಿರುವುದು ‘ಚುನಾಯಕರು’ ಎಂಬರ್ಥದ ಪದ ಮಾತ್ರ. ಹೆಸರು ಕಾನೂನಿನೊಳಗೆ ಬಂದುದು ೧೮೪೫ರಲ್ಲಿ. ನಮ್ಮ ದೇಶದ ಸಂವಿಧಾನದಲ್ಲಾದರೋ ಈ ಹೆಸರು ಇದೆ. ಅದರ ವಿಚಾರ ಮುಂದೆ ಬರಲಿದೆ.

ವ್ಯವಸ್ಥೆ ನಡೆಯುವ ಬಗೆ ಹೀಗೆ. ಅಮೆರಿಕದ ಸಂಸತ್ತಿಗೆ ಕಾಂಗ್ರೆಸ್ ಎಂದು ಹೆಸರು. ಅದರಲ್ಲಿ ಎರಡು ಸದನಗಳು: ಜನಸಂಖ್ಯೆಗೆ ತಕ್ಕಂತೆ ರಾಜ್ಯಗಳಿಗೆ ಹಂಚಿದ ೪೩೫ ಸ್ಥಾನಗಳ ಪ್ರತಿನಿಧಿ ಸಭೆ, ದೊಡ್ಡದಿರಲಿ ಚಿಕ್ಕದಿರಲಿ ರಾಜ್ಯವೊಂದಕ್ಕೆ ಇಬ್ಬರಂತೆ ೧೦೦ ಮಂದಿಯ ಸೆನೆಟ್. ಒಂದು ರಾಜ್ಯಕ್ಕೆ ಎರಡೂ ಸದನಗಳಲ್ಲಿ ಒಟ್ಟು ಎಷ್ಟು ಸದಸ್ಯರಿದ್ದಾರೆಯೋ ಅಷ್ಟೇ ಮಂದಿ ಚುನಾಯಕರು. ೧೯೬೧ರ ಇಪ್ಪತ್ತಮೂರನೆಯ ತಿದ್ದುಪಡಿಯಿಂದ ರಾಜಧಾನಿ ವಾಷಿಂಗ್ಟನ್ ನಗರಕ್ಕೂ ಮೂವರು ದೊರೆತರು. ಒಟ್ಟು ೫೩೮, ಗೆಲ್ಲಲು ಬೇಕಾದುದು ೨೭೦. ಈಗಿನ ಲೆಕ್ಕದಲ್ಲಿ ಕ್ಯಾಲಿಫೋರ್ನಿಯಕ್ಕೆ ೫೪, ಟೆಕ್ಸಾಸಿಗೆ ೪೦, ಪುಟ್ಟ ವಯೋಮಿಂಗಿಗೆ ೩.

ನವೆಂಬರ್ ತಿಂಗಳ ಮೊದಲ ಸೋಮವಾರದ ಮರುದಿನ, ಮಂಗಳವಾರ, ಜನರು ಮತ ಹಾಕುತ್ತಾರೆ. ಟ್ರಂಪ್ ಎಂದೋ ಕ್ಲಿಂಟನ್ ಎಂದೋ ಗುರುತು ಮಾಡುವ ಮತದಾರ ನಿಜವಾಗಿ ಆರಿಸುವುದು ಆ ಅಭ್ಯರ್ಥಿಯ ಪಕ್ಷ ಸೂಚಿಸಿದ ಚುನಾಯಕರ ತಂಡವನ್ನು. ಬಹುತೇಕ ರಾಜ್ಯಗಳ ಮತಪತ್ರದಲ್ಲಿ ಆ ಚುನಾಯಕರ ಹೆಸರು ಕೂಡ ಅಚ್ಚಾಗಿರುವುದಿಲ್ಲ. ೪೮ ರಾಜ್ಯಗಳಲ್ಲಿಯೂ ರಾಜಧಾನಿಯಲ್ಲಿಯೂ ಒಂದೇ ಒಂದು ಮತ ಹೆಚ್ಚು ಬಂದ ಪಕ್ಷಕ್ಕೆ ಆ ರಾಜ್ಯದ ಚುನಾಯಕರೆಲ್ಲರೂ ಸಲ್ಲುತ್ತಾರೆ. ಮೈನ್, ನೆಬ್ರಾಸ್ಕ ಎಂಬ ಎರಡು ರಾಜ್ಯಗಳು ಮಾತ್ರ ಕ್ಷೇತ್ರವಾರು ಹಂಚುತ್ತವೆ. ಡಿಸೆಂಬರಿನಲ್ಲಿ ಚುನಾಯಕರು ತಂತಮ್ಮ ರಾಜ್ಯದ ರಾಜಧಾನಿಯಲ್ಲಿ ಸೇರಿ ಮತ ಬರೆದು, ಮೊಹರು ಹಾಕಿ ಕಳುಹಿಸುತ್ತಾರೆ. ಜನವರಿ ೬ರಂದು ಎರಡೂ ಸದನಗಳ ಮುಂದೆ ಅವುಗಳನ್ನು ಎಣಿಸಲಾಗುತ್ತದೆ. ಜನವರಿ ೨೦ರಂದು ಹೊಸ ಅಧ್ಯಕ್ಷರ ಪ್ರಮಾಣವಚನ. ಯಾರಿಗೂ ೨೭೦ ಬಾರದಿದ್ದರೆ ಆಯ್ಕೆಯ ಹೊಣೆ ಪ್ರತಿನಿಧಿ ಸಭೆಗೆ ಹೋಗುತ್ತದೆ. ಅಲ್ಲಿ ಸದಸ್ಯರಿಗೆ ಒಂದೊಂದು ಮತವಿಲ್ಲ, ರಾಜ್ಯಕ್ಕೆ ಒಂದು ಮತ. ಸುಮಾರು ನಾಲ್ಕು ಕೋಟಿ ಜನರ ಕ್ಯಾಲಿಫೋರ್ನಿಯಕ್ಕೂ ಒಂದೇ, ಆರು ಲಕ್ಷ ತಲುಪದ ವಯೋಮಿಂಗಿಗೂ ಒಂದೇ.

ಹೆಚ್ಚು ಮತ ಪಡೆದವರು ಸೋಲುವ ಗುಟ್ಟು ಈ ವಿವರಗಳಲ್ಲಿಯೇ ಇದೆ. ೨೦೨೦ರಲ್ಲಿ ಕ್ಯಾಲಿಫೋರ್ನಿಯದ ೬೦ ಲಕ್ಷ ಮತದಾರರು ಟ್ರಂಪ್ ಅವರಿಗೆ ಮತ ನೀಡಿದರು. ಅವರು ಗೆದ್ದುಕೊಂಡ ಟೆಕ್ಸಾಸಿನಲ್ಲಿಯೂ ಅವರಿಗೆ ಅಷ್ಟು ಮತ ಬಂದಿರಲಿಲ್ಲ. ಟೆಕ್ಸಾಸಿನ ಮತಗಳು ೩೮ ಚುನಾಯಕರನ್ನು ತಂದವು. ಕ್ಯಾಲಿಫೋರ್ನಿಯದ ೬೦ ಲಕ್ಷ ಮತಗಳು ಒಬ್ಬನನ್ನೂ ತರಲಿಲ್ಲ. ಅದಕ್ಕೆ ನಾಲ್ಕು ವರುಷ ಹಿಂದೆ ಪೆನ್ಸಿಲ್ವೇನಿಯ, ಮಿಷಿಗನ್, ವಿಸ್ಕಾನ್ಸಿನ್ ಎಂಬ ಮೂರು ರಾಜ್ಯಗಳಲ್ಲಿ ಒಟ್ಟು ಸುಮಾರು ೭೮ ಸಾವಿರ ಮತಗಳ ಅಂತರ ಇಡೀ ದೇಶದ ೨೮ ಲಕ್ಷಗಳ ಅಂತರವನ್ನು ಮೀರಿ ನಿಂತಿತ್ತು.

ಇಂಥ ವಿಚಿತ್ರವಾದ ಏರ್ಪಾಟನ್ನು ಮಾಡಿದವರು ಯಾರು, ಏಕೆ ಮಾಡಿದರು ಎಂಬುದು ಈ ಬರಹದ ಮುಖ್ಯ ವಿಚಾರ.

೧೭೮೭ರ ಮೇ ೨೫ರಿಂದ ಸೆಪ್ಟೆಂಬರ್ ೧೭ರ ವರೆಗೆ ಫಿಲಡೆಲ್ಫಿಯ ನಗರದ ರಾಜ್ಯಭವನದಲ್ಲಿ ಸಂವಿಧಾನ ಸಮಾವೇಶ ನಡೆಯಿತು. ಹದಿಮೂರು ರಾಜ್ಯಗಳಲ್ಲಿ ಹನ್ನೆರಡು ತಮ್ಮ ಪ್ರತಿನಿಧಿಗಳನ್ನು ಕಳುಹಿಸಿದ್ದವು. ರೋಡ್ ಐಲೆಂಡ್ ಬರಲೇ ಇಲ್ಲ. ಬಂದುಹೋದವರು ಒಟ್ಟು ೫೫ ಮಂದಿ. ಒಳಗಿನ ಮಾತು ಹೊರಗೆ ಹೋಗಬಾರದೆಂಬ ಕಟ್ಟುನಿಟ್ಟು ಇತ್ತು. ವರ್ಜೀನಿಯದ ಜೇಮ್ಸ್ ಮ್ಯಾಡಿಸನ್ ದಿನದಿನವೂ ಬರೆದಿಟ್ಟ ಟಿಪ್ಪಣಿಗಳು ಅವರು ತೀರಿಕೊಂಡ ಮೇಲೆ, ೧೮೪೦ರಲ್ಲಿ, ಅಚ್ಚಾದುದರಿಂದಲೇ ಆ ಬೇಸಗೆಯ ಚರ್ಚೆಗಳು ಇಂದು ನಮಗೆ ತಿಳಿದಿವೆ. ಆ ಟಿಪ್ಪಣಿಗಳನ್ನು ಓದಿದವರಿಗೆ ಒಂದು ಸಂಗತಿ ಥಟ್ಟನೆ ಕಾಣುತ್ತದೆ. ಸಂವಿಧಾನದ ಬೇರೆ ಭಾಗಗಳಲ್ಲಿ ಇರುವ ಆತ್ಮವಿಶ್ವಾಸ ಈ ಭಾಗದಲ್ಲಿ ಇಲ್ಲ. ಅಧ್ಯಕ್ಷರನ್ನು ಆರಿಸುವುದು ಹೇಗೆ ಎಂಬ ವಿಷಯದಲ್ಲಿ ಅವರು ಮತ್ತೆ ಮತ್ತೆ ನಿರ್ಧರಿಸಿದರು, ಮತ್ತೆ ಮತ್ತೆ ನಿರ್ಧಾರ ಬದಲಿಸಿದರು.

ಮೊದಲ ಸಲಹೆ ಸರಳವಾಗಿತ್ತು: ಸಂಸತ್ತೇ ಅಧ್ಯಕ್ಷರನ್ನು ಆರಿಸಲಿ. ಸಮಾವೇಶ ಇದನ್ನು ಹಲವು ಬಾರಿ ಒಪ್ಪಿತು. ಆದರೆ ಸಂಸತ್ತು ಆರಿಸಿದ ಅಧ್ಯಕ್ಷ ಸಂಸತ್ತಿನ ಕೈಗೊಂಬೆಯಾಗಲಾರನೆ? ಮರು ಆಯ್ಕೆಯ ಆಸೆಯಿಂದ ಸದಸ್ಯರನ್ನು ಓಲೈಸುತ್ತ ಕಾಲ ಕಳೆಯಲಾರನೆ? ಈ ಆಕ್ಷೇಪಕ್ಕೆ ಉತ್ತರವಿರಲಿಲ್ಲ. ಜನರೇ ನೇರವಾಗಿ ಆರಿಸಲಿ ಎಂದವರು ಪೆನ್ಸಿಲ್ವೇನಿಯದ ಜೇಮ್ಸ್ ವಿಲ್ಸನ್ ಮತ್ತು ಗವರ್ನರ್ ಮಾರಿಸ್. (ಗವರ್ನರ್ ಎಂಬುದು ಅವರ ಹೆಸರು, ಪದವಿಯಲ್ಲ.) ಜುಲೈ ೧೭ರಂದು ಆ ಸೂಚನೆ ಮತಕ್ಕೆ ಬಂದಾಗ ಪೆನ್ಸಿಲ್ವೇನಿಯವೊಂದೇ ಪರವಾಗಿ ನಿಂತಿತು, ಒಂಬತ್ತು ರಾಜ್ಯಗಳು ವಿರೋಧಿಸಿದವು. ಅಂದು ವರ್ಜೀನಿಯದ ಜಾರ್ಜ್ ಮೇಸನ್ ಆಡಿದ ಮಾತಿನ ಸಾರಾಂಶ ಇಷ್ಟು: ಇಷ್ಟು ವಿಸ್ತಾರವಾದ ದೇಶದಲ್ಲಿ ಅಭ್ಯರ್ಥಿಗಳ ಯೋಗ್ಯತೆಯನ್ನು ಜನರು ಅಳೆಯಲಾರರು; ಅವರಿಗೆ ಆಯ್ಕೆ ಬಿಡುವುದೆಂದರೆ ಬಣ್ಣಗಳ ಪರೀಕ್ಷೆಯನ್ನು ಕುರುಡನಿಗೆ ವಹಿಸಿದಂತೆ. ರೈಲಿಲ್ಲದ, ತಂತಿಯಿಲ್ಲದ, ಪತ್ರಿಕೆಗಳು ವಾರಗಟ್ಟಲೆ ತಡವಾಗಿ ಬರುತ್ತಿದ್ದ ಕಾಲ ಅದು ಎಂಬುದನ್ನು ನೆನೆದರೆ ಈ ಮಾತು ಕೇವಲ ಅಹಂಕಾರದ್ದೆನ್ನಲಾಗದು. ಜಾರ್ಜ್ ವಾಷಿಂಗ್ಟನ್ ಒಬ್ಬರನ್ನು ಬಿಟ್ಟರೆ ಎಲ್ಲ ರಾಜ್ಯಗಳಿಗೂ ಹೆಸರು ಗೊತ್ತಿದ್ದವರು ವಿರಳ.

ಎರಡು ದಿನಗಳ ಅನಂತರ, ಜುಲೈ ೧೯ರಂದು, ಮ್ಯಾಡಿಸನ್ ಎದ್ದು ನಿಂತರು. ನಮ್ಮ ದೃಷ್ಟಿಯಲ್ಲಿ ಇಡೀ ಚರ್ಚೆಯ ಕೀಲಿಕೈ ಅಂದಿನ ಅವರ ಮಾತಿನಲ್ಲಿದೆ. ಜನರೇ ಆರಿಸುವುದು ಎಲ್ಲಕ್ಕಿಂತ ಉತ್ತಮವೆಂದು ಅವರು ಒಪ್ಪಿಕೊಂಡರು. ಆದರೆ ಅದಕ್ಕೊಂದು ಗಂಭೀರವಾದ ತೊಡಕಿದೆ ಎಂದರು. ಮತ ಹಾಕುವ ಹಕ್ಕು ಉತ್ತರದ ರಾಜ್ಯಗಳಲ್ಲಿ ಹೆಚ್ಚು ಮಂದಿಗೆ ಹರಡಿದೆ, ದಕ್ಷಿಣದಲ್ಲಿ ಹಾಗಿಲ್ಲ. ನೀಗ್ರೋಗಳ ಲೆಕ್ಕದಲ್ಲಿ ದಕ್ಷಿಣಕ್ಕೆ ಚುನಾವಣೆಯಲ್ಲಿ ಯಾವ ಪ್ರಭಾವವೂ ಸಿಗಲಾರದು. ಚುನಾಯಕರ ಮೂಲಕ ಆರಿಸಿದರೆ ಈ ತೊಡಕು ನಿವಾರಣೆಯಾಗುತ್ತದೆ. ಹೀಗೆ ಹೇಳಿದ ಮ್ಯಾಡಿಸನ್ ಸ್ವತಃ ಗುಲಾಮರ ಒಡೆಯರು.

ಮಾತಿನ ಅರ್ಥವನ್ನು ಬಿಡಿಸಿ ನೋಡೋಣ. ಪ್ರತಿನಿಧಿ ಸಭೆಯ ಸ್ಥಾನಗಳನ್ನು ಹಂಚುವಾಗ ಗುಲಾಮರನ್ನು ಹೇಗೆ ಎಣಿಸಬೇಕೆಂಬ ಜಗಳ ಅದಾಗಲೇ ಮುಗಿದು, ಐದು ಮಂದಿ ಗುಲಾಮರನ್ನು ಮೂವರೆಂದು ಎಣಿಸಬೇಕೆಂಬ ಒಪ್ಪಂದವಾಗಿತ್ತು. ನೇರ ಚುನಾವಣೆಯಲ್ಲಿ ಈ ಎಣಿಕೆಗೆ ಬೆಲೆಯಿಲ್ಲ. ಗುಲಾಮರಿಗೆ ಮತವಿಲ್ಲ, ಆದ್ದರಿಂದ ಅವರ ಒಡೆಯರಿಗೆ ಅವರ ಹೆಸರಿನಲ್ಲಿ ಸಿಗುವುದೂ ಏನೂ ಇಲ್ಲ. ಚುನಾಯಕರ ಸಂಖ್ಯೆಯನ್ನು ಸಂಸತ್ತಿನ ಸ್ಥಾನಗಳಿಗೆ ಜೋಡಿಸಿದರೆ ಆ ಎಣಿಕೆ ಅಧ್ಯಕ್ಷರ ಆಯ್ಕೆಯ ಒಳಕ್ಕೂ ಬಂದುಬಿಡುತ್ತದೆ. ೧೭೯೦ರ ಮೊದಲ ಜನಗಣತಿಯ ಅಂಕಿಗಳು ಇದನ್ನು ಬೆಳಕಿನಷ್ಟು ಸ್ಪಷ್ಟವಾಗಿ ತೋರಿಸುತ್ತವೆ. ವರ್ಜೀನಿಯದಲ್ಲಿ ಸುಮಾರು ಏಳೂವರೆ ಲಕ್ಷ ಜನ. ಅವರಲ್ಲಿ ೨,೯೨,೬೨೭ ಮಂದಿ ಗುಲಾಮರು. ಅಂದರೆ ಸ್ವತಂತ್ರರು ನಾಲ್ಕೂವರೆ ಲಕ್ಷ. ಪೆನ್ಸಿಲ್ವೇನಿಯದ ಸ್ವತಂತ್ರರು ನಾಲ್ಕು ಲಕ್ಷದ ಮೂವತ್ತು ಸಾವಿರ. ಎರಡರಲ್ಲಿಯೂ ಸ್ವತಂತ್ರ ಜನರ ಸಂಖ್ಯೆ ಹೆಚ್ಚು ಕಡಿಮೆ ಸಮ. ಆದರೆ ಮುಂದಿನ ಚುನಾವಣೆಯಲ್ಲಿ ಪೆನ್ಸಿಲ್ವೇನಿಯಕ್ಕೆ ೧೫ ಚುನಾಯಕರು, ವರ್ಜೀನಿಯಕ್ಕೆ ೨೧. ಹೊಲದಲ್ಲಿ ದುಡಿಯುತ್ತಿದ್ದ, ಮತವಿಲ್ಲದ, ಮಾರಾಟಕ್ಕೆ ಒಳಗಾಗುತ್ತಿದ್ದ ಸುಮಾರು ಮೂರು ಲಕ್ಷ ಜನರ ತಲೆಗಳು ಅವರನ್ನು ಕಟ್ಟಿಹಾಕಿದ್ದವರ ಬಲವನ್ನು ಹೆಚ್ಚಿಸಿದ್ದು ಹೀಗೆ. ೧೭೮೯ರಿಂದ ೧೮೨೫ರ ವರೆಗಿನ ಮೂವತ್ತಾರು ವರುಷಗಳಲ್ಲಿ ಮೂವತ್ತೆರಡು ವರುಷ ಅಧ್ಯಕ್ಷ ಪದವಿಯಲ್ಲಿ ಇದ್ದವರು ವರ್ಜೀನಿಯದ ನಾಲ್ವರು: ವಾಷಿಂಗ್ಟನ್, ಜೆಫರ್ಸನ್, ಮ್ಯಾಡಿಸನ್, ಮನ್ರೋ.

ಗುಲಾಮಗಿರಿಯೊಂದೇ ಇದಕ್ಕೆ ಕಾರಣವೆಂದು ಹೇಳುವುದು ಸರಿಯಾಗಲಾರದು. ಚಿಕ್ಕ ರಾಜ್ಯಗಳ ಅಂಜಿಕೆ ಇತ್ತು, ಸಂಸತ್ತಿನ ಮೇಲಿನ ಅಪನಂಬಿಕೆ ಇತ್ತು, ದೂರದ ತೊಡಕು ಇತ್ತು. ಸಂಸತ್ತೇ ಅಧ್ಯಕ್ಷರನ್ನು ಆರಿಸಿದ್ದರೂ ಐದರಲ್ಲಿ ಮೂರರ ಎಣಿಕೆ ಅಲ್ಲಿಯೂ ಇರುತ್ತಿತ್ತು. ಆದರೆ ಒಳ್ಳೆಯದೆಂದು ತಾವೇ ಒಪ್ಪಿದ ನೇರ ಚುನಾವಣೆಯನ್ನು ಏಕೆ ಬಿಡಬೇಕಾಯಿತು ಎಂಬುದಕ್ಕೆ ಮ್ಯಾಡಿಸನ್ ಕೊಟ್ಟ ಕಾರಣ ಅವರದೇ ಟಿಪ್ಪಣಿಯಲ್ಲಿದೆ. ಅದನ್ನು ಮರೆಮಾಡಿ ಈ ಚರಿತ್ರೆಯನ್ನು ಹೇಳುವಂತಿಲ್ಲ.

ಜುಲೈ ೧೯ರಂದು ಚುನಾಯಕರ ಪದ್ಧತಿಯನ್ನು ಒಪ್ಪಿದ ಸಮಾವೇಶ ಐದೇ ದಿನಗಳಲ್ಲಿ ಅದನ್ನು ಕೈಬಿಟ್ಟು ಮತ್ತೆ ಸಂಸತ್ತಿನ ಕಡೆಗೆ ವಾಲಿತು. ಆಗಸ್ಟ್ ಕೊನೆಗೆ ಎಲ್ಲರೂ ಬಳಲಿದ್ದರು. ಇತ್ಯರ್ಥವಾಗದ ವಿಷಯಗಳನ್ನೆಲ್ಲ ನ್ಯೂಜೆರ್ಸಿಯ ಡೇವಿಡ್ ಬ್ರಿಯರ್ಲಿ ಅವರ ಅಧ್ಯಕ್ಷತೆಯ ಹನ್ನೊಂದು ಮಂದಿಯ ಸಮಿತಿಗೆ ಒಪ್ಪಿಸಲಾಯಿತು. ಸೆಪ್ಟೆಂಬರ್ ೪ರಂದು ಸಮಿತಿ ತಂದ ವರದಿಯಲ್ಲಿ ಎಲ್ಲರಿಗೂ ಒಂದೊಂದು ಪಾಲು ಇತ್ತು. ದೊಡ್ಡ ರಾಜ್ಯಗಳಿಗೆ ಹೆಚ್ಚು ಚುನಾಯಕರು. ಚಿಕ್ಕವಕ್ಕೆ ಸೆನೆಟಿನ ಲೆಕ್ಕದಲ್ಲಿ ಇಬ್ಬರು ಹೆಚ್ಚುವರಿ. ದಕ್ಷಿಣಕ್ಕೆ ಐದರಲ್ಲಿ ಮೂರು. ರಾಜ್ಯ ಶಾಸನಸಭೆಗಳಿಗೆ ಚುನಾಯಕರನ್ನು ನೇಮಿಸುವ ಬಗೆಯನ್ನು ತೀರ್ಮಾನಿಸುವ ಅಧಿಕಾರ. ಯಾರಿಗೂ ಬಹುಮತ ಬಾರದಿದ್ದರೆ ಸೆನೆಟ್ ಆರಿಸಲಿ ಎಂದಿತ್ತು. ಎರಡೇ ದಿನಗಳಲ್ಲಿ ಅದು ಪ್ರತಿನಿಧಿ ಸಭೆಯಾಗಿ, ರಾಜ್ಯಕ್ಕೊಂದು ಮತವೆಂದಾಯಿತು. ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ಬಹುಮತವೇ ಬಾರದೆ ಆಯ್ಕೆ ಸಂಸತ್ತಿಗೇ ಹೋಗುತ್ತದೆ ಎಂದು ಮೇಸನ್ ಭವಿಷ್ಯ ನುಡಿದರು. ನಡೆದುದು ಬೇರೆ: ಇಂದಿನ ವರೆಗೆ ಅಧ್ಯಕ್ಷರ ಆಯ್ಕೆ ಪ್ರತಿನಿಧಿ ಸಭೆಗೆ ಹೋದುದು ಎರಡೇ ಸಲ.

ಒಪ್ಪಂದವಾದ ಮೇಲೆ ಅದಕ್ಕೆ ತತ್ತ್ವದ ಉಡುಪು ತೊಡಿಸಿದವರು ಅಲೆಗ್ಸಾಂಡರ್ ಹ್ಯಾಮಿಲ್ಟನ್. ೧೭೮೮ರ ಮಾರ್ಚ್ ತಿಂಗಳಲ್ಲಿ, ಫೆಡರಲಿಸ್ಟ್ ಲೇಖನಮಾಲೆಯ ಅರುವತ್ತೆಂಟನೆಯ ಲೇಖನದಲ್ಲಿ, ಅವರು ಈ ಏರ್ಪಾಟನ್ನು ಬಹಳವಾಗಿ ಹೊಗಳಿದರು. ಜನರು ತಮಗೆ ಪರಿಚಿತರಾದ ವಿವೇಕಿಗಳನ್ನು ಆರಿಸುತ್ತಾರೆ. ಆ ವಿವೇಕಿಗಳು ತಂತಮ್ಮ ರಾಜ್ಯಗಳಲ್ಲಿ ಬೇರೆ ಬೇರೆಯಾಗಿ ಕುಳಿತು ಶಾಂತಚಿತ್ತರಾಗಿ ಯೋಚಿಸುತ್ತಾರೆ. ಒಂದೆಡೆ ಸೇರದ ಕಾರಣ ಪಿತೂರಿಗೂ ವಿದೇಶೀಯರ ಲಂಚಕ್ಕೂ ಅವಕಾಶವಿಲ್ಲ. ಚೆಲುವಾದ ಕಲ್ಪನೆ. ಪಕ್ಷಗಳು ಹುಟ್ಟದೆ ಇದ್ದಿದ್ದರೆ ನಿಜವೂ ಆಗುತ್ತಿತ್ತೇನೋ. ೧೭೮೯ರ ಮೊದಲ ಆಯ್ಕೆಯಲ್ಲಿ ವಾಷಿಂಗ್ಟನ್ ಅವರಿಗೆ ೬೯ ಚುನಾಯಕರ ಮತವೂ ಬಿದ್ದಿತು. ಅವರು ನಿವೃತ್ತರಾದ ಕೂಡಲೇ ಪಕ್ಷಗಳು ತಲೆಯೆತ್ತಿದವು. ಚುನಾಯಕರು ಯೋಚಿಸುವ ವಿವೇಕಿಗಳಾಗಿ ಉಳಿಯದೆ ಪಕ್ಷ ಹೇಳಿದ ಹೆಸರನ್ನು ಬರೆಯುವವರಾದರು. ಪಕ್ಷಕ್ಕೆ ಕೊಟ್ಟ ಮಾತು ತಪ್ಪುವ ಚುನಾಯಕರನ್ನು ರಾಜ್ಯಗಳು ಶಿಕ್ಷಿಸಬಹುದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ೨೦೨೦ರಲ್ಲಿ ಒಮ್ಮತದಿಂದ ತೀರ್ಪಿತ್ತಿದೆ. ಹ್ಯಾಮಿಲ್ಟನ್ ಕಲ್ಪಿಸಿದ ಚುನಾಯಕ ಮಾಡಬೇಕಾಗಿದ್ದ ಕೆಲಸ, ಅಂದರೆ ಸ್ವಂತ ಬುದ್ಧಿಯಿಂದ ಆರಿಸುವುದು, ಇಂದು ದಂಡನಾರ್ಹ.

ರಾಜ್ಯದ ಮತಗಳೆಲ್ಲ ಒಬ್ಬರಿಗೇ ಎಂಬ ನಿಯಮವೂ ಸಂವಿಧಾನದಲ್ಲಿ ಎಲ್ಲಿಯೂ ಇಲ್ಲ. ಅದು ಪಕ್ಷಗಳ ಪೈಪೋಟಿಯ ಕೂಸು. ೧೭೯೬ರಲ್ಲಿ ಜಾನ್ ಆಡಮ್ಸ್ ೭೧, ತಾಮಸ್ ಜೆಫರ್ಸನ್ ೬೮. ಜೆಫರ್ಸನ್ನರ ಸ್ವಂತ ರಾಜ್ಯವಾದ ವರ್ಜೀನಿಯದಲ್ಲಿ ಕ್ಷೇತ್ರವಾರು ಆಯ್ಕೆ ಇದ್ದುದರಿಂದ ಅಲ್ಲಿಂದಲೂ ಒಂದು ಮತ ಆಡಮ್ಸ್ ಅವರಿಗೆ ಹೋಗಿತ್ತು. ೧೮೦೦ರ ಜನವರಿಯಲ್ಲಿ ಜೆಫರ್ಸನ್ ಮನ್ರೋ ಅವರಿಗೆ ಪತ್ರ ಬರೆದರು. ಎಲ್ಲ ರಾಜ್ಯಗಳೂ ಕ್ಷೇತ್ರವಾರು ಆರಿಸುವುದಾದರೆ ಅದೇ ಉತ್ತಮ. ಆದರೆ ಹತ್ತು ರಾಜ್ಯಗಳು ತಮ್ಮ ಮತಗಳನ್ನು ಒಟ್ಟಾಗಿ ಚಲಾಯಿಸುತ್ತಿರುವಾಗ ಉಳಿದ ಆರು ಹಾಗೆ ಮಾಡದಿರುವುದು ಮೂರ್ಖತನಕ್ಕಿಂತಲೂ ಕೀಳು ಎಂಬುದು ಅದರ ತಾತ್ಪರ್ಯ. ವರ್ಜೀನಿಯ ಕಾನೂನು ಬದಲಿಸಿತು. ಅದಕ್ಕೆ ಮಾರುತ್ತರವಾಗಿ ಮ್ಯಾಸಚೂಸೆಟ್ಸ್ ತನ್ನ ಮತಗಳೆಲ್ಲ ಆಡಮ್ಸ್ ಅವರಿಗೇ ಹೋಗುವಂತೆ ಮಾಡಿಕೊಂಡಿತು. ೧೮೩೬ರ ಹೊತ್ತಿಗೆ ದಕ್ಷಿಣ ಕ್ಯಾರೊಲೈನ ಒಂದನ್ನುಳಿದು ಎಲ್ಲ ರಾಜ್ಯಗಳೂ ಇದೇ ದಾರಿ ಹಿಡಿದಿದ್ದವು. ನೆರೆಯವರು ಬೇಲಿ ಮುಂದೆ ಸರಿಸಿದರೆ ನಾವೂ ಸರಿಸುವುದು ಎಂಬ ನ್ಯಾಯ! ಇಂದು ಅಮೆರಿಕದ ಚುನಾವಣೆಯಲ್ಲಿ ಅತಿ ದೊಡ್ಡ ವಿಕೃತಿಯನ್ನು ಉಂಟುಮಾಡುವ ನಿಯಮ ಯಾವ ಪಿತಾಮಹರ ದೂರದೃಷ್ಟಿಯಿಂದಲೂ ಬಂದುದಲ್ಲ.

೧೮೦೦ರ ಚುನಾವಣೆ ಇನ್ನೊಂದು ದೋಷವನ್ನು ಹೊರಗೆಡಹಿತು. ಆಗ ಪ್ರತಿ ಚುನಾಯಕನಿಗೂ ಎರಡು ಮತ; ಅಧ್ಯಕ್ಷ, ಉಪಾಧ್ಯಕ್ಷ ಎಂಬ ಭೇದವಿಲ್ಲ. ಗೆದ್ದ ಪಕ್ಷದ ಚುನಾಯಕರೆಲ್ಲರೂ ಜೆಫರ್ಸನ್ ಮತ್ತು ಆರನ್ ಬರ್ ಇಬ್ಬರ ಹೆಸರನ್ನೂ ಬರೆದರು. ಇಬ್ಬರಿಗೂ ೭೩. ಪ್ರತಿನಿಧಿ ಸಭೆ ೧೮೦೧ರ ಫೆಬ್ರವರಿ ೧೧ರಿಂದ ೧೭ರ ವರೆಗೆ ಮೂವತ್ತಾರು ಬಾರಿ ಮತ ಹಾಕಿದ ಮೇಲೆ ಜೆಫರ್ಸನ್ ಗೆದ್ದರು. ೧೮೦೪ರ ಹನ್ನೆರಡನೆಯ ತಿದ್ದುಪಡಿ ಎರಡು ಪದವಿಗಳಿಗೂ ಬೇರೆ ಬೇರೆ ಮತವೆಂದು ವಿಧಿಸಿತು. ಗುಲಾಮರ ಎಣಿಕೆ ಇಲ್ಲದಿದ್ದಿದ್ದರೆ ಆ ಚುನಾವಣೆಯನ್ನು ಗೆಲ್ಲುತ್ತಿದ್ದವರು ಆಡಮ್ಸ್ ಎಂದು ಹಲವು ಚರಿತ್ರಕಾರರು ಲೆಕ್ಕ ತೆಗೆದು ತೋರಿಸಿದ್ದಾರೆ.

೧೮೨೪ರಲ್ಲಿ ನಾಲ್ವರು ಸ್ಪರ್ಧಿಸಿ ಯಾರಿಗೂ ಬಹುಮತ ಬರಲಿಲ್ಲ. ೯೯ ಚುನಾಯಕರನ್ನು ಪಡೆದ ಆಂಡ್ರೂ ಜ್ಯಾಕ್ಸನ್ ಅವರನ್ನು ಬದಿಗಿಟ್ಟು ಪ್ರತಿನಿಧಿ ಸಭೆ ೮೪ ಪಡೆದ ಜಾನ್ ಕ್ವಿನ್ಸಿ ಆಡಮ್ಸ್ ಅವರನ್ನು ಆರಿಸಿತು. ನಾಲ್ಕು ವರುಷಗಳ ಬಳಿಕ ಗೆದ್ದುಬಂದ ಜ್ಯಾಕ್ಸನ್, ಈ ಪದ್ಧತಿಯನ್ನೇ ತೆಗೆದುಹಾಕಿರಿ ಎಂದು ೧೮೨೯ರಲ್ಲಿ ಕಾಂಗ್ರೆಸ್ಸಿಗೆ ಬರೆದರು. ಕಾಂಗ್ರೆಸ್ ತೆಗೆದುಹಾಕಲಿಲ್ಲ.

೧೮೭೬ರ ಕತೆಯನ್ನು ಇಷ್ಟು ಬೇಗ ದಾಟಿಹೋಗುವಂತಿಲ್ಲ. ಅಂತರ್ಯುದ್ಧ ಮುಗಿದು ಹನ್ನೊಂದು ವರುಷಗಳಾಗಿದ್ದವು. ಗುಲಾಮಗಿರಿ ಅಳಿದಿತ್ತು, ೧೮೭೦ರ ಹದಿನೈದನೆಯ ತಿದ್ದುಪಡಿ ಬಣ್ಣದ ಕಾರಣಕ್ಕೆ ಯಾರಿಗೂ ಮತದ ಹಕ್ಕು ತಪ್ಪಿಸಬಾರದೆಂದು ಸಾರಿತ್ತು. ದಕ್ಷಿಣದ ಕರಿಯ ಪ್ರಜೆಗಳು ಮತ ಹಾಕಿದ್ದರು, ಗೆದ್ದು ಶಾಸನಸಭೆಗಳಲ್ಲಿ ಕುಳಿತಿದ್ದರು. ಅವರಿಗೆ ಎದುರಾದ ಹಿಂಸೆಯನ್ನು ತಡೆಯಲು ಕೇಂದ್ರದ ಸೈನಿಕರು ಅಲ್ಲಲ್ಲಿ ಉಳಿದಿದ್ದರು. ಆ ವರುಷ ಡೆಮಾಕ್ರಟಿಕ್ ಪಕ್ಷದ ಸ್ಯಾಮುಯೆಲ್ ಟಿಲ್ಡನ್ ಸುಮಾರು ಎರಡೂವರೆ ಲಕ್ಷ ಮತಗಳಿಂದ ಮುಂದಿದ್ದರು. ೧೮೪ ಚುನಾಯಕರು ಖಚಿತವಾಗಿದ್ದರು, ಬೇಕಾದುದು ೧೮೫. ಫ್ಲಾರಿಡ, ಲೂಸಿಯಾನ, ದಕ್ಷಿಣ ಕ್ಯಾರೊಲೈನಗಳ ಫಲಿತಾಂಶವೂ ಆರೆಗನ್ನಿನ ಒಬ್ಬ ಚುನಾಯಕನ ಸ್ಥಾನವೂ ಸೇರಿ ಇಪ್ಪತ್ತು ಮತಗಳು ವಿವಾದದಲ್ಲಿದ್ದವು. ಒಂದೇ ರಾಜ್ಯದಿಂದ ಎರಡೆರಡು ಪಟ್ಟಿಗಳು ಬಂದರೆ ಯಾವುದನ್ನು ಎಣಿಸಬೇಕೆಂದು ಸಂವಿಧಾನ ಹೇಳಿರಲಿಲ್ಲ. ಕಾಂಗ್ರೆಸ್ ಹದಿನೈದು ಮಂದಿಯ ಆಯೋಗವನ್ನು ನೇಮಿಸಿತು. ಅದರಲ್ಲಿ ರಿಪಬ್ಲಿಕನ್ನರು ಎಂಟು, ಡೆಮಾಕ್ರಟರು ಏಳು. ಪ್ರತಿ ತೀರ್ಮಾನವೂ ಎಂಟು–ಏಳು. ಇಪ್ಪತ್ತಕ್ಕೆ ಇಪ್ಪತ್ತೂ ರಿಪಬ್ಲಿಕನ್ ಅಭ್ಯರ್ಥಿ ರುದರ್ಫರ್ಡ್ ಹೇಸ್ ಅವರಿಗೆ ಹೋಗಿ, ೧೮೫–೧೮೪ರಿಂದ ಅವರು ಅಧ್ಯಕ್ಷರಾದರು. ಕೆಲವೇ ವಾರಗಳಲ್ಲಿ ದಕ್ಷಿಣ ಕ್ಯಾರೊಲೈನ ಮತ್ತು ಲೂಸಿಯಾನದ ಆಡಳಿತಗಳಿಗೆ ಬೆಂಬಲವಾಗಿದ್ದ ಸೈನಿಕರನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು.

ಅಲ್ಲಿಂದ ಮುಂದೆ ನಡೆದುದು ೧೭೮೭ರ ಲೆಕ್ಕದ ಮುಂದುವರಿಕೆ. ಹದಿನಾಲ್ಕನೆಯ ತಿದ್ದುಪಡಿ ಐದರಲ್ಲಿ ಮೂರರ ಎಣಿಕೆಯನ್ನು ಅಳಿಸಿ ಎಲ್ಲರನ್ನೂ ಪೂರ್ತಿ ಎಣಿಸಬೇಕೆಂದಿತ್ತು. ೧೮೯೦ರಲ್ಲಿ ಮಿಸಿಸಿಪ್ಪಿ ರಾಜ್ಯ ಮತದಾನದ ತೆರಿಗೆ, ಓದುಬರಹದ ಪರೀಕ್ಷೆ ಮೊದಲಾದ ಉಪಾಯಗಳಿಂದ ಕರಿಯರ ಮತವನ್ನು ಕಸಿದುಕೊಂಡಿತು. ದಕ್ಷಿಣದ ಇತರ ರಾಜ್ಯಗಳು ಅದನ್ನು ಅನುಸರಿಸಿದವು. ಜನಗಣತಿಯಲ್ಲಿ ಅವರ ತಲೆ ಪೂರ್ತಿ ಎಣಿಕೆಗೆ ಬರುತ್ತಿತ್ತು, ಮತಗಟ್ಟೆಯಲ್ಲಿ ಅವರಿಗೆ ಜಾಗವಿರಲಿಲ್ಲ. ಗುಲಾಮಗಿರಿಯ ಕಾಲದಲ್ಲಿ ಐವರಿಗೆ ಮೂವರಂತೆ ಬಲ ಪಡೆದಿದ್ದವರು ಈಗ ಐವರಿಗೆ ಐವರಂತೆ ಪಡೆದರು. ೧೯೬೫ರ ಮತದಾನ ಹಕ್ಕು ಕಾಯಿದೆ ಬರುವವರೆಗೆ ಈ ಅನ್ಯಾಯ ನಡೆದುಬಂದಿತು. ನೇರ ಚುನಾವಣೆಯಿದ್ದಿದ್ದರೆ ಮತ ಹಾಕದವರ ತಲೆಯಿಂದ ಯಾವ ರಾಜ್ಯಕ್ಕೂ ಲಾಭವಾಗುತ್ತಿರಲಿಲ್ಲ. ಎಣಿಕೆಗೆ ಮಾತ್ರ ಸಿಕ್ಕು ದನಿಗೆ ಸಿಗದವರ ಸ್ಥಿತಿ ಏನೆಂಬುದನ್ನು ಗಡಿನಾಡಿನ ಓದುಗರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲವಾದರೂ, ಅವರು ಅನುಭವಿಸಿದುದರೊಡನೆ ನಮ್ಮ ಕೊರತೆಗಳನ್ನು ಹೋಲಿಸಲಾಗದು.

೧೮೭೬ರ ಗೊಂದಲ ಮರುಕಳಿಸದಿರಲೆಂದು ೧೮೮೭ರಲ್ಲಿ ಎಣಿಕೆಯ ಕಾಯಿದೆಯೊಂದನ್ನು ಮಾಡಲಾಯಿತು. ಅದರ ತೊಡಕಾದ ಭಾಷೆಯೇ ೨೦೨೧ರ ಜನವರಿ ೬ರಂದು, ಎಣಿಕೆ ನಡೆಯುತ್ತಿದ್ದ ಸಂಸತ್ ಭವನಕ್ಕೆ ಗುಂಪು ನುಗ್ಗಿದ ದಿನ, ವಾದವಿವಾದದ ನಡುವೆ ನಿಂತಿತು. ೨೦೨೨ರಲ್ಲಿ ಅದನ್ನು ತಿದ್ದಿ, ಉಪಾಧ್ಯಕ್ಷರದು ಎಣಿಕೆಯ ವಿಧಿಯನ್ನು ನಡೆಸುವ ಪಾತ್ರ ಮಾತ್ರವೆಂದು ಸ್ಪಷ್ಟಪಡಿಸಲಾಗಿದೆ.

ಪದ್ಧತಿಯನ್ನು ಬದಲಿಸಲು ಯಾರೂ ಯತ್ನಿಸಲಿಲ್ಲವೆ? ಏಳುನೂರಕ್ಕೂ ಮಿಕ್ಕಿದ ಸೂಚನೆಗಳು ಕಾಂಗ್ರೆಸ್ಸಿನ ಮುಂದೆ ಬಂದಿವೆ. ಅವುಗಳಲ್ಲಿ ಗುರಿಯ ಹತ್ತಿರ ಬಂದುದು ನೇರ ಚುನಾವಣೆಯ ತಿದ್ದುಪಡಿ. ೧೯೬೯ರ ಸೆಪ್ಟೆಂಬರಿನಲ್ಲಿ ಪ್ರತಿನಿಧಿ ಸಭೆ ಅದನ್ನು ೩೩೮–೭೦ರ ಭಾರೀ ಬಹುಮತದಿಂದ ಒಪ್ಪಿತು. ಮರುವರುಷ ಸೆನೆಟಿನಲ್ಲಿ ಕೆಲವು ಸದಸ್ಯರು, ಅದರಲ್ಲಿ ದಕ್ಷಿಣದವರು ಮುಂದಾಳುಗಳು, ಮಾತು ಬೆಳೆಸಿ ಬೆಳೆಸಿ ಮತಕ್ಕೆ ಬಿಡದೆ ಅದನ್ನು ಅಲ್ಲಿಯೇ ಕೊನೆಗಾಣಿಸಿದರು. ತಿದ್ದುಪಡಿಗೆ ಎರಡೂ ಸದನಗಳ ಮೂರನೆಯ ಎರಡು ಬಹುಮತವೂ ೫೦ರಲ್ಲಿ ೩೮ ರಾಜ್ಯಗಳ ಒಪ್ಪಿಗೆಯೂ ಬೇಕು. ಅದನ್ನು ಸುತ್ತಿ ಹೋಗಲು ಕೆಲವು ರಾಜ್ಯಗಳು ಈಗ ತಮ್ಮೊಳಗೆ ಕರಾರು ಮಾಡಿಕೊಂಡಿವೆ: ದೇಶದಲ್ಲಿ ಹೆಚ್ಚು ಮತ ಪಡೆದವರಿಗೇ ನಮ್ಮ ಚುನಾಯಕರನ್ನು ಕೊಡುತ್ತೇವೆ, ಕರಾರಿಗೆ ಸೇರಿದ ರಾಜ್ಯಗಳ ಬಲ ೨೭೦ ಮುಟ್ಟಿದಂದಿನಿಂದ. ೨೦೨೪ರಲ್ಲಿ ಮೈನ್ ಸೇರಿದಾಗ ಆ ಬಲ ೨೦೯ ಆಯಿತು.

ಈ ಪದ್ಧತಿಯನ್ನು ಬೆಂಬಲಿಸುವವರ ವಾದಗಳನ್ನೂ ಹೇಳಬೇಕು. ಅಮೆರಿಕ ರಾಜ್ಯಗಳ ಒಕ್ಕೂಟ. ಅಧ್ಯಕ್ಷರು ಒಕ್ಕೂಟದ ಅಧ್ಯಕ್ಷರಾಗಿರಬೇಕು, ನಾಲ್ಕು ಮಹಾನಗರಗಳ ಅಧ್ಯಕ್ಷರಲ್ಲ ಎನ್ನುತ್ತಾರೆ ಅವರು. ಮತ ಎಣಿಕೆಯ ವಿವಾದ ಬಂದರೆ ಅದು ಒಂದೆರಡು ರಾಜ್ಯಗಳೊಳಗೆ ಮುಗಿಯುತ್ತದೆ, ದೇಶವಿಡೀ ಮರುಎಣಿಕೆ ಬೇಕಾಗುವುದಿಲ್ಲ ಎಂಬ ಎರಡನೆಯ ವಾದದಲ್ಲಿ ಹುರುಳಿದೆ. ೨೦೦೦ದಲ್ಲಿ ಫ್ಲಾರಿಡದ ೫೩೭ ಮತಗಳ ಅಂತರ ತಂದ ತಲೆನೋವು ಐವತ್ತು ರಾಜ್ಯಗಳಿಗೂ ಹಬ್ಬಿದ್ದರೆ ಎಂದು ಊಹಿಸಿಕೊಳ್ಳಬಹುದು. ಆದರೆ ಚಿಕ್ಕ ರಾಜ್ಯಗಳಿಗೆ ಗೌರವ ಸಿಗುತ್ತದೆ ಎಂಬ ವಾದ ನಮಗೆ ಒಪ್ಪಿತವಾಗುವುದಿಲ್ಲ. ಅಭ್ಯರ್ಥಿಗಳು ಬೀಡುಬಿಡುವುದು ವಯೋಮಿಂಗಿನಲ್ಲಿ ಅಲ್ಲ; ಫಲಿತಾಂಶ ತೂಗಾಡುವ ಪೆನ್ಸಿಲ್ವೇನಿಯದಂಥ ದೊಡ್ಡ ರಾಜ್ಯಗಳಲ್ಲಿ.

ಇನ್ನು ನಮ್ಮ ಸಂವಿಧಾನದ ಚುನಾಯಕ ಗಣದ ವಿಚಾರ. ೫೪ನೆಯ ವಿಧಿಯಂತೆ ರಾಷ್ಟ್ರಪತಿಯವರನ್ನು ಸಂಸತ್ತಿನ ಮತ್ತು ರಾಜ್ಯ ವಿಧಾನಸಭೆಗಳ ಚುನಾಯಿತ ಸದಸ್ಯರು ಆರಿಸುತ್ತಾರೆ. ೧೯೪೮ರ ಡಿಸೆಂಬರಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಕೆ.ಟಿ. ಶಾ ಅವರು ಜನರಿಂದಲೇ ನೇರವಾಗಿ ಆಯ್ಕೆಯಾಗಲಿ ಎಂದು ತಿದ್ದುಪಡಿ ಮಂಡಿಸಿದ್ದರು. ನಿಜವಾದ ಅಧಿಕಾರ ಮಂತ್ರಿಮಂಡಲದ ಕೈಯಲ್ಲಿರುವಾಗ ರಾಷ್ಟ್ರಪತಿಗೆ ದೇಶವ್ಯಾಪಿ ಚುನಾವಣೆ ಅಗತ್ಯವಿಲ್ಲ ಎಂಬ ಡಾ. ಅಂಬೇಡ್ಕರ್ ಅವರ ಉತ್ತರವನ್ನು ಸಭೆ ಒಪ್ಪಿತು. ಅಮೆರಿಕದಲ್ಲಿ ಪೂರ್ಣಾಧಿಕಾರದ ಅಧ್ಯಕ್ಷರಿಗೆ ಬಳಸುವ ಪರೋಕ್ಷ ಆಯ್ಕೆ ಇಲ್ಲಿ ಮಂತ್ರಿಮಂಡಲದ ಸಲಹೆಯಂತೆ ನಡೆಯುವ ಪದವಿಗೆ ಬಂದಿದೆ.

ವ್ಯತ್ಯಾಸ ಇನ್ನೊಂದಿದೆ. ನಮ್ಮಲ್ಲಿ ರಾಜ್ಯಗಳಿಗೆ ಹೆಚ್ಚುವರಿ ಬಲವಿಲ್ಲ. ಶಾಸಕರ ಮತದ ಮೌಲ್ಯವನ್ನೇ ಜನಸಂಖ್ಯೆಗೆ ಹೊಂದಿಸಲಾಗುತ್ತದೆ. ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದಲೂ ಬಳಿಕ ಸಾವಿರದಿಂದಲೂ ಭಾಗಿಸಿದರೆ ಬರುವುದೇ ಒಬ್ಬ ಶಾಸಕರ ಮತದ ಮೌಲ್ಯ. ಕೇರಳದ ೧೪೦ ಶಾಸಕರಿಗೆ ತಲಾ ೧೫೨, ಕರ್ನಾಟಕದ ೨೨೪ ಶಾಸಕರಿಗೆ ತಲಾ ೧೩೧. ಅಂದರೆ ರಾಷ್ಟ್ರಪತಿ ಚುನಾವಣೆಯಲ್ಲಿ ನಮ್ಮ ಮಂಜೇಶ್ವರದ, ಕಾಸರಗೋಡಿನ ಶಾಸಕರ ಒಂದು ಮತಕ್ಕೆ ತಲಪಾಡಿಯಿಂದಾಚೆಯ ಶಾಸಕರ ಮತಕ್ಕಿಂತ ೨೧ ಹೆಚ್ಚು ಮೌಲ್ಯ. ಇದು ಕೇರಳಕ್ಕೆ ಕೊಟ್ಟ ಬಳುವಳಿಯಲ್ಲ; ಇಲ್ಲಿಯ ಒಬ್ಬ ಶಾಸಕರ ಹಿಂದೆ ಹೆಚ್ಚು ಜನರಿದ್ದಾರೆಂಬ ಲೆಕ್ಕ. ನಮ್ಮ ಈ ಸೂತ್ರವನ್ನು ಅಮೆರಿಕಕ್ಕೆ ಹಚ್ಚಿ ನೋಡಿದರೆ, ೨೦೨೦ರ ಜನಗಣತಿಯಂತೆ ವಯೋಮಿಂಗಿನ ಚುನಾಯಕನ ಮತದ ಮೌಲ್ಯ ೧೯೨, ಕ್ಯಾಲಿಫೋರ್ನಿಯದವನದು ೭೩೨ ಆಗಬೇಕಿತ್ತು. ಅಲ್ಲಿ ಎರಡೂ ಒಂದೇ.

ಹಾಗೆಂದು ನಮ್ಮ ಲೆಕ್ಕವೂ ಇಂದಿನದಲ್ಲ. ೧೫೨ ಮತ್ತು ೧೩೧ ಬಂದುದು ೧೯೭೧ರ ಜನಗಣತಿಯಿಂದ. ಕುಟುಂಬ ಯೋಜನೆಯಲ್ಲಿ ಮುಂದಿರುವ ರಾಜ್ಯಗಳಿಗೆ ನಷ್ಟವಾಗದಿರಲೆಂದು ೧೯೭೬ರ ನಲವತ್ತೆರಡನೆಯ ತಿದ್ದುಪಡಿ ಆ ಅಂಕಿಗಳನ್ನು ಹಾಗೆಯೇ ನಿಲ್ಲಿಸಿತು. ಎಂಬತ್ತನಾಲ್ಕನೆಯ ತಿದ್ದುಪಡಿ ಆ ಅವಧಿಯನ್ನು ವಿಸ್ತರಿಸಿತು. ೨೦೨೬ರ ಅನಂತರದ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವ ವರೆಗೆ ೧೯೭೧ರಲ್ಲಿ ಎಣಿಸಿದ ತಲೆಗಳೇ ಲೆಕ್ಕಕ್ಕೆ. ಆಮೇಲೆ ಹುಟ್ಟಿದವರು, ಈ ಸಂಪುಟವನ್ನು ಕೈಯಲ್ಲಿ ಹಿಡಿದಿರುವ ಹೆತ್ತವರಲ್ಲಿ ಹೆಚ್ಚಿನವರೂ ಅವರ ಮಕ್ಕಳೆಲ್ಲರೂ, ಆ ೧೫೨ರೊಳಗೆ ಇನ್ನೂ ಸೇರಿಲ್ಲ.